ಹುಣಸೂರಿಗೆ ಬಂದ ಮುಳ್ಳಿನ ಮೀನು

ಲಿಂಗರಾಜು ಆ ಮೀನನ್ನು ನೀರಿನ ಡಬ್ಬಿಯಲ್ಲಿ ಬೆಂಗಳೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದ. ೨೦೦೨ರ ಬೇಸಿಗೆ. ಹುಣಸೂರಿನಲ್ಲಿ ಟೀವಿ, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದ ಅವನಿಗೆ ಇಸ್ಪೀಟಿಲ್ಲ, ಕುಡಿತವಿಲ್ಲ, ಇದ್ದ ಒಂದೇ ಗೀಳು ಮೀನು ಸಾಕುವುದು. ಈ ಸಲ ಸಮುದ್ರದ್ದೇ ಬೇಕೆಂದು ನಾಲ್ಕಡಿ ಗಾಜಿನ ತೊಟ್ಟಿ ಮಾಡಿಸಿ, ಪೊಟ್ಟಣದಲ್ಲಿ ಬರುವ ಸಮುದ್ರದ ಉಪ್ಪು ಕರಗಿಸಿ, ಎರಡು ತಿಂಗಳು ನೀರು ಹದ ಮಾಡಿ, ನಾಲ್ಕು ನೀಲಿ ಮರಿಗಳನ್ನು ಬಿಟ್ಟಿದ್ದ. ಹೆಂಡತಿ ಸಿದ್ದಲಿಂಗಮ್ಮನಿಗೆ ಅವುಗಳ ಮೇಲೆ ಅಕ್ಕರೆ ಹುಟ್ಟಿತ್ತು.

ಹೊಸ ಮೀನಿನ ಮೈತುಂಬ ಕೆಂಪು ಬಿಳಿ ಪಟ್ಟೆ. ರೆಕ್ಕೆಗಳು ಗರಿಯಂತೆ ಹರಡಿದ್ದವು. ಬೆನ್ನ ಮೇಲೆ ಸಾಲಾಗಿ ಮುಳ್ಳು.

"ಸಿಂಹಮೀನು ಅಂತಾರೆ. ಆ ಮುಳ್ಳಲ್ಲಿ ವಿಷ ಐತೆ, ತೊಟ್ಟಿಗೆ ಕೈ ಹಾಕ್ಬ್ಯಾಡ ಕಣೆ. ಅಪ್ಪಿತಪ್ಪಿ ಚುಚ್ಚುದ್ರೆ ತಡ್ಕೊಳೋವಷ್ಟು ಬಿಸಿನೀರಲ್ಲಿ ಕೈ ಇಟ್ಕೊಬೇಕಂತೆ" ಎಂದ.

"ಲಿಂಗಪೂಜೆ ಮಾಡೋ ಮನೇಲಿ ವಿಷ ಯಾಕ್ರೀ ಬೇಕಿತ್ತು?" ಎಂದಳು ಅವಳು. ಅವನು ನಕ್ಕು ಮೀನನ್ನು ತೊಟ್ಟಿಗೆ ಬಿಟ್ಟ.

ಹಗಲೆಲ್ಲ ಅದು ಕಲ್ಲಿನ ಸಂದಿಯಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಮುಸ್ಸಂಜೆಯಾದರೆ ಹೊರಬಂದು ರೆಕ್ಕೆ ಬಿಚ್ಚಿ ನೀರಲ್ಲಿ ಅಲುಗದೆ ನಿಲ್ಲುತ್ತಿತ್ತು. ಮೊದಲ ವಾರದಲ್ಲೇ ನೀಲಿ ಮರಿಗಳು ಒಂದೊಂದಾಗಿ ಇಲ್ಲವಾದವು. ರಕ್ತವಿಲ್ಲ, ಮೂಳೆಯಿಲ್ಲ, ನೀರು ಕೂಡ ಕದಡಲಿಲ್ಲ. ಆಮೇಲೆ ಲಿಂಗರಾಜು ಹೊಳೆಯಿಂದ ಸಣ್ಣ ಮೀನು ಹಿಡಿಸಿ ತಂದು ಹಾಕತೊಡಗಿದ. ಆ ಹೊತ್ತಿಗೆ ಅವಳು ಅಡುಗೆಮನೆ ಸೇರುತ್ತಿದ್ದಳು. ಅಲ್ಲಿಂದ ತಿರುಗಿ ನೋಡಿದರೆ ಅದು ಅವಳ ಕಡೆಗೇ ಮುಖ ಮಾಡಿರುತ್ತಿತ್ತು.

ಹೊಗೆಸೊಪ್ಪಿನ ಹರಾಜು ಶುರುವಾದಾಗ ಲಿಂಗರಾಜು ವೈರಿಂಗ್ ಕೆಲಸಕ್ಕೆಂದು ಎರಡು ದಿನ ಪಿರಿಯಾಪಟ್ಟಣಕ್ಕೆ ಹೋದ. ಅವತ್ತು ಬೆಳಗಿನಿಂದ ಕರೆಂಟಿರಲಿಲ್ಲ. ಸಂಜೆಯ ಹೊತ್ತಿಗೆ ತೊಟ್ಟಿಗೆ ಗಾಳಿ ಊದುವ ಪಂಪಿನ ಬ್ಯಾಟರಿಯೂ ಕೈಕೊಟ್ಟು, ಅದರ ಗುಳುಗುಳು ಸದ್ದು ನಿಂತಿತು. ಮನೆ ಅಷ್ಟು ನಿಶ್ಶಬ್ದವಾಗಿದ್ದು ಅವಳಿಗೆ ನೆನಪಿರಲಿಲ್ಲ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಬೇಡದ ಜೀವವಾದರೂ ಕಣ್ಣೆದುರು ಉಸಿರುಗಟ್ಟುವುದನ್ನು ಅವಳಿಂದ ನೋಡಲಾಗಲಿಲ್ಲ. ನೀರಿಗೆ ಗಾಳಿ ಬೆರೆಯಲೆಂದು, ಗಂಡ ತೋರಿಸಿಕೊಟ್ಟಿದ್ದಂತೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಸುರಿಯತೊಡಗಿದಳು. ಕತ್ತಲಾಗುತ್ತಾ ಬಂದಾಗ ಮೇಣದಬತ್ತಿ ಹಚ್ಚಿಟ್ಟಳು. ಗೋಡೆಯ ಮೇಲೆ ಆ ರೆಕ್ಕೆಗಳ ನೆರಳು ಸೂರು ಮುಟ್ಟುವಷ್ಟು ದೊಡ್ಡದಾಗಿ ಬಿಚ್ಚಿಕೊಂಡಿತು.

ಒದ್ದೆ ಕೈಯಿಂದ ಚೊಂಬು ಜಾರಿ ಮುಳುಗಿತು. ಅವಳು ಯೋಚಿಸದೆ ಕೈ ಹಾಕಿದಳು. ಮೀನು ಕಚ್ಚಲು ಬರಲಿಲ್ಲ. ತಲೆ ತಗ್ಗಿಸಿ, ಬೆನ್ನು ಮುಂದೆ ಮಾಡಿಕೊಂಡು, ಅವಸರವಿಲ್ಲದೆ ಬಂತು.

ಅವಳ ಕೂಗಿಗೆ ಪಕ್ಕದ ಮನೆಯ ಕುಳ್ಳಮ್ಮ ಓಡಿಬಂದಳು. ತೋರುಬೆರಳಿನಿಂದ ಕಂಕುಳವರೆಗೆ ಬೆಂಕಿ ಹರಿದಂತಾಗಿತ್ತು. "ಬಿಸಿನೀರು..." ಎನ್ನುವುದಷ್ಟೇ ಸಿದ್ದಲಿಂಗಮ್ಮನಿಂದ ಸಾಧ್ಯವಾಯಿತು. ಕುಳ್ಳಮ್ಮ ತನ್ನ ಮನೆಯ ಹಂಡೆಯಿಂದ ಬಿಸಿನೀರು ತಂದು, ಹದ ನೋಡಿ ಕೈ ಅದ್ದಿಸಿದಳು. ನೋವು ತುಸು ಇಳಿದ ಮೇಲೆ ಡಾಕ್ಟರ ಬಳಿ ಕರೆದೊಯ್ದಳು.

ಹದಿನೈದು ದಿನದಲ್ಲಿ ಗಾಯ ಮಾಯಿತು. ಆದರೆ ದಿನಾ ಮುಸ್ಸಂಜೆ ಬೆರಳು ಮಿಡಿಯತೊಡಗಿತು. ಮಿಡಿತ ಹತ್ತಿದಾಗ ಹೋಗಿ ನೋಡಿದರೆ ಮೀನು ಸಂದಿಯಿಂದ ಹೊರಬಂದಿರುತ್ತಿತ್ತು. ಅದಕ್ಕೆ ಆಹಾರ ಬಿದ್ದ ಮೇಲೆ ಮಿಡಿತ ನಿಲ್ಲುತ್ತಿತ್ತು.

"ಅದ್ಕೆ ಹಸಿವಾದ್ರೆ ನಂಗೆ ಗೊತ್ತಾಯ್ತದೆ ಕಣ್ರೀ."

"ನಿನ್ ಭ್ರಮೆ ಕಣೆ. ನರಕ್ಕೆ ಏಟಾಗೈತೆ, ಅಷ್ಟೇಯ" ಎಂದ ಲಿಂಗರಾಜು.

ಕಾರ್ತಿಕದಲ್ಲಿ ತಮ್ಮನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆಂದು ಅವಳು ಕಟ್ಟೆಮಳಲವಾಡಿಯ ತವರಿಗೆ ಹೋದಳು. ಅಲ್ಲಿಯೂ ಎರಡು ಸಂಜೆ ಬೆರಳು ತಪ್ಪದೆ ಮಿಡಿಯಿತು. ಮೂರನೆಯ ಸಂಜೆ ಏನೂ ಆಗಲಿಲ್ಲ. ಹಿತವೆನಿಸಿತು, ಹಿಂದೆಯೇ ಹೆದರಿಕೆಯಾಯಿತು. ಎದುರುಮನೆಯವರ ಫೋನಿನಿಂದ ಮನೆಗೆ ಕರೆ ಮಾಡಿದಳು.

"ರೀ, ಅದು ಸತ್ತೋಯ್ತಾ?"

ಗಂಡನ ಕಡೆಯಿಂದ ನೀರು ಸುರಿಯುವ ಸದ್ದು ಕೇಳಿಸಿತು.

"ಇಲ್ಲ, ಚೆನ್ನಾಗೈತೆ. ಗಾಜು ತಿಕ್ಕುವಾಗ ನಂಗೆ ಚುಚ್ತು. ಬಿಸಿನೀರಲ್ಲಿ ಕೈ ಇಟ್ಕೊಂಡು ಕೂತಿವ್ನಿ. ನಿಂಗೆ ಯಾರ್ ಹೇಳುದ್ರು?"

ಅವಳಿಗೆ ಬೆರಳು ಮತ್ತೆಂದೂ ಮಿಡಿಯಲಿಲ್ಲ. ಲಿಂಗರಾಜು ಮಾತ್ರ ಅಂದಿನಿಂದ ಸಂಜೆ ಐದೂವರೆಗೇ ಅಂಗಡಿಯ ಬಾಗಿಲೆಳೆದು ಮನೆಗೆ ಬರತೊಡಗಿದ. ಊರಾಚೆಯ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟ. ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ತನ್ನ ಕೈ ಹಗುರಾಗಿದ್ದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಎರಡು ವರ್ಷ ಬದುಕಿದ್ದು ಮೀನು ಸತ್ತಿತು. ಇಬ್ಬರೂ ಸೇರಿ ಹಿತ್ತಲಲ್ಲಿ ಆಳವಾಗಿ ಹೂತರು. ತೊಟ್ಟಿಯನ್ನು ಅವತ್ತೇ ಮೈಸೂರಿನವರೊಬ್ಬರು ಒಯ್ದರು. ಮಾರನೆಯ ದಿನ ಸಂಜೆ ಐದೂವರೆಗೆ ಬಾಗಿಲ ಸದ್ದಾಯಿತು. ಲಿಂಗರಾಜು ಬಂದು, ತೊಟ್ಟಿಯಿದ್ದ ಬರಿಗೋಡೆಯ ಮುಂದೆ ಬೆರಳು ಹಿಡಿದುಕೊಂಡು ಕೂತ. ಹಣೆಯಲ್ಲಿ ಬೆವರಿತ್ತು.

"ಮಿಡಿತ ಇನ್ನೂ ಐತಾ?" ಎಂದಳು ಅವಳು, ಮೊದಲ ಬಾರಿಗೆ.

"ನಿಂತೇ ಇಲ್ಲ. ನೆನ್ನೆಯಿಂದ ನಿಂತೇ ಇಲ್ಲ ಕಣೆ."

ಸಿದ್ದಲಿಂಗಮ್ಮ ಬಚ್ಚಲಿಗೆ ಹೋಗಿ ಹಂಡೆಯ ಕೆಳಗೆ ಸೌದೆ ಒಟ್ಟಿ ಉರಿ ಹಚ್ಚಿದಳು.