ಕರಿಬಸಮ್ಮ ತಟ್ಟಿ ಕೊಟ್ಟ ಹಣ್ಣು

ಗುಬ್ಬಿಯಾಚೆಯ ಹೆದ್ದಾರಿಯ ಮೇಲೆ ತೆಳು ಮಂಜು ಇನ್ನೂ ಮಲಗಿದೆ. ಹುಣಸೆಮರದ ಬುಡದಲ್ಲಿ, ಹಲಸಿನ ಹಣ್ಣುಗಳ ರಾಶಿಯ ನಡುವೆ ಕರಿಬಸಮ್ಮ ಕಣ್ಣು ಮುಚ್ಚಿ ಕೂತಿದ್ದಾರೆ. ಬೆರಳ ಗೆಣ್ಣಿನಿಂದ ಒಂದು ಹಣ್ಣನ್ನು ತಟ್ಟುತ್ತಾರೆ, ತಿರುಗಿಸಿ ಮತ್ತೆ ತಟ್ಟುತ್ತಾರೆ. ಸುತ್ತಲಿನ ಘಮ ಎಷ್ಟು ದಟ್ಟವೆಂದರೆ, ಬೆಳಕು ಕೂಡ ಅದರೊಳಗೆ ಸೋಸಿಕೊಂಡೇ ಬರುತ್ತಿರುವಂತಿದೆ.

"ಇದು ಇನ್ನೂ ನಿದ್ದೇಲೈತೆ. ಗುರುವಾರ ಏಳ್ತದೆ," ಎಂದು ಮೆಲ್ಲಗೆ ಪಕ್ಕಕ್ಕಿಡುತ್ತಾರೆ, ಮಗುವನ್ನು ಮಲಗಿಸಿದ ಹಾಗೆ.

ಅರವತ್ತೆರಡರ ಈ ಹೆಂಗಸು ಇಲ್ಲಿ ಕೂರಲು ಶುರುಮಾಡಿ ಇಪ್ಪತ್ಮೂರು ಹಲಸಿನ ಕಾಲ ಕಳೆದಿವೆ. ಗಂಡ ಸದಾಶಿವಯ್ಯ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಮೊದಲ ಸಲ ರಸ್ತೆಗೆ ಬಂದರು. ದಿನಕ್ಕೆ ನಲವತ್ತು ಹಣ್ಣು ಬಂದರೆ ಹತ್ತು ಹನ್ನೆರಡನ್ನು ಚೆನ್ನಾಗಿಲ್ಲವೆಂದು ತಾವೇ ದನಕ್ಕೆ ತಳ್ಳುತ್ತಾರೆ. "ಹಿಂಗೆ ಮಾಡಿದ್ರೆ ಉಣ್ಣೋದೇನ್ಲೇ ಅಂತ ನಮ್ಮ ಯಜಮಾನ್ರು ಬೈಯೋರು. ಈಗ ಅವ್ರೇ, ಆ ಹಣ್ಣು ಕೊಡ್ಬೇಡ ಅಂತಾರೆ," ಎಂದು ನಗುತ್ತಾರೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವವರಿಂದ ಹಿಡಿದು ತುಮಕೂರಿನ ಮೇಷ್ಟ್ರುಗಳವರೆಗೆ ಯಾರೂ ಇಲ್ಲಿ ಹಣ್ಣನ್ನು ಕೊಯ್ಸಿ ನೋಡುವುದಿಲ್ಲ; ಕರಿಬಸಮ್ಮನ ಹೆಸರೇ ಸಾಕು.

ಆ ಹೆಸರಿಗೇ ಹೋದ ವರ್ಷ ಕುತ್ತು ಬಂತು. ಕುಣಿಗಲ್ಲಿನ ಹಳೆಯ ಗಿರಾಕಿ ಕೌಸಲ್ಯಮ್ಮ ಕಾರಿಳಿದವರೇ ಕೇಳಿದ್ದರು: "ಏನ್ರೀ ಕರಿಬಸಮ್ಮ, ಮೊಮ್ಮಗಳ ನಾಮಕರಣಕ್ಕೆ ನಿಮ್ಮ ಹೆಸ್ರಿನ ಬೋರ್ಡು ನೋಡಿ ಹಣ್ಣು ತಗೊಂಡೆ. ಕೊಯ್ದ್ರೆ ಒಳಗೆಲ್ಲಾ ಕಪ್ಪು!" ತುಮಕೂರಿನ ದಿಕ್ಕಿನಲ್ಲಿ ಯಾರೋ 'ಕರಿಬಸಮ್ಮನ ಹಲಸು' ಎಂದು ಬೋರ್ಡು ಹಾಕಿಕೊಂಡಿದ್ದ ಸಂಗತಿ ಕರಿಬಸಮ್ಮನಿಗೆ ಗೊತ್ತಾದದ್ದೇ ಹಾಗೆ.

ಕಂಪ್ಲೇಂಟ್ ಕೊಡಿ ಎಂದರು ಕೆಲವರು. ಕರಿಬಸಮ್ಮ ಮರುದಿನ ಬೆಳಗಿನ ಬಸ್ಸು ಹತ್ತಿದರು. "ಬಸ್ನಾಗೆ ಅತ್ಬಿಟ್ಟೆ ಕಣಪ್ಪ. ಮನೇಲಿ ಅತ್ರೆ ಯಜಮಾನ್ರು ನೊಂದ್ಕಂತಾರೆ."

ಆ ಬೋರ್ಡಿನ ಅಂಗಡಿಯ ವೆಂಕಟರಂಗಯ್ಯ ಕರಿಬಸಮ್ಮನನ್ನು ಹಿಂದೆ ಕಂಡವನಲ್ಲ. ಈಕೆ ಅವನ ರಾಶಿಯ ಮುಂದೆ ಕೂತು ತಟ್ಟತೊಡಗಿದರು. ಗಿರಾಕಿಯೊಬ್ಬ ಹಣ್ಣೆತ್ತಿಕೊಂಡರೆ, "ಅದು ಬ್ಯಾಡ ಸ್ವಾಮಿ, ಎಳೇದು," ಎಂದುಬಿಟ್ಟರು.

"ಯಾರಮ್ಮಾ ನೀನು? ನನ್ನ ಗಿರಾಕಿ ಓಡಿಸ್ತಿದ್ದೀಯಲ್ಲ!"

"ಆ ಬೋರ್ಡ್‌ನಾಗೆ ಇರೋಳು ಕಣಪ್ಪ. ಹೆಸ್ರು ನಂದು ಅಂದ್ಮೇಲೆ ಹಣ್ಣು ನೋಡೋ ಕೆಲ್ಸಾನೂ ನಂದೇ ಅಲ್ವಾ?"

ಮಧ್ಯಾಹ್ನದ ಬಿಸಿಲಲ್ಲಿ ಲಾರಿಗಳು ಕನಸಿನಲ್ಲಿ ಹಾದಂತೆ ಹಾದುಹೋದವು; ಕರಿಬಸಮ್ಮನ ಬೆರಳು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಅರ್ಧಕ್ಕರ್ಧ ರಾಶಿ ಮಾರಲಾಗದ್ದೆಂದು ಬೇರೆಯಾಗಿತ್ತು. ಅವನೇ ಬೋರ್ಡು ಬಿಚ್ಚಿದ. "ತಪ್ಪಾಯ್ತಮ್ಮ. ನಂಗೆ ಹಣ್ಣು ತಿಳಿಯಲ್ಲ. ಬಂದೋರೆಲ್ಲ ನಿಮ್ಮೆಸ್ರು ಹೇಳೋರು, ಅದಕ್ಕೇ ಹಾಕ್ಕಂಡೆ."

"ಹೆಸ್ರು ಬುಡು, ಹಣ್ಣು ಕಲಿ. ಸೋಮವಾರ ಬತ್ತೀನಿ."

ಆ ಕಾಲ ಮುಗಿಯುವವರೆಗೂ ಪ್ರತಿ ಸೋಮವಾರ ಹೋದರು. ಈಗ ಅಲ್ಲಿ 'ವೆಂಕಟರಂಗಯ್ಯನ ಹಲಸು' ಎಂದಿದೆ. ಮೊನ್ನೆ ಕೌಸಲ್ಯಮ್ಮ ಅಲ್ಲಿಂದಲೇ ಒಂದು ಹಣ್ಣು ಒಯ್ದು, ಚೆನ್ನಾಗಿತ್ತೆಂದು ಫೋನು ಮಾಡಿದ್ದರಂತೆ.

ಮಂಜು ಕರಗಿ ಮೊದಲ ಕಾರು ನಿಲ್ಲುತ್ತದೆ. ಮುಂದೆ ಏನಾಸೆಯಮ್ಮಾ ಎಂದು ಕೇಳಿದರೆ ಕರಿಬಸಮ್ಮ ಇನ್ನೊಂದು ಹಣ್ಣನ್ನು ಹತ್ತಿರಕ್ಕೆ ಎಳೆದು ತಟ್ಟುತ್ತಾರೆ.

"ವಯಸ್ಸಾಯ್ತು. ಅಂದಾಜು ತಪ್ಪೋ ದಿನ ಬಂದೇ ಬತ್ತದೆ. ಅದು ಗಿರಾಕಿಗಿಂತ ಮುಂಚೆ ನಂಗೆ ಗೊತ್ತಾಗ್ಲಿ. ಅವತ್ತೇ ಎದ್ದು ಮನೆಗೋಯ್ತೀನಿ."