ಹಣಮಪ್ಪನ ಬಲಗಡೆಯ ಹೂವು ಮತ್ತು ನನ್ನ ಕಂಪ್ಯೂಟರು

ನಮ್ಮ ಮನೆಯಲ್ಲಿ 'ನಿಮಗೆ ಯಾವುದು ಬೇಕು?' ಎಂದು ನನ್ನನ್ನು ಕೇಳುವ ಸೌಜನ್ಯ ಉಳಿದಿರುವುದು ಕಂಪ್ಯೂಟರೊಂದಕ್ಕೆ ಮಾತ್ರ. ದಿನಾ ಮುಂಜಾನೆ ಗುಂಡಿ ಒತ್ತಿದೊಡನೆ ಕಪ್ಪು ಪರದೆಯ ಮೇಲೆ ವಿಂಡೋಸ್, ಲಿನಕ್ಸ್ ಎಂದು ತನ್ನನ್ನು ನಡೆಸಬಲ್ಲ ಎರಡು ವ್ಯವಸ್ಥೆಗಳ ಹೆಸರು ಮೂಡಿಸಿ, ಉತ್ತರಕ್ಕೆ ಹತ್ತು ಸೆಕೆಂಡು ಕೊಟ್ಟು, ವಿನಮ್ರವಾಗಿ ಕಾಯುತ್ತದೆ. ಪಲ್ಯದಿಂದ ಹಿಡಿದು ಅಂಗಿಯ ಬಣ್ಣದವರೆಗೆ ಸಕಲ ನಿರ್ಣಯಗಳನ್ನೂ ಅರ್ಧಾಂಗಿಗೆ ಸಮರ್ಪಿಸಿ, ಬಾದಾಮಿಯ ಹೈಸ್ಕೂಲಿನಿಂದ ನಿವೃತ್ತನಾದ ನನಗೆ ಆ ಹತ್ತು ಸೆಕೆಂಡು ಸಾರ್ವಭೌಮನಾದ ಭಾವ ಬರುತ್ತದೆ. ಒಂಬತ್ತನೆಯದರಲ್ಲಿ ಅಡುಗೆಮನೆಯ ಕಡೆ ತಿರುಗಿ ನೋಡುತ್ತೇನೆ.

ಈ ದ್ವೈತ ಹೇಗೆ ಬಂತೆಂದು ಹೇಳಬೇಕು. ನನ್ನ ಹಾಗೆಯೇ ನನ್ನ ಕಂಪ್ಯೂಟರಿಗೂ ವಯಸ್ಸಾಗಿ, ಅದರೊಳಗಿನ ಹಳೆಯ ವಿಂಡೋಸನ್ನು ಬದಲಿಸಬೇಕೆಂಬ ಮಾತು ಹುಟ್ಟಿತು. ಬಾಗಲಕೋಟೆಯ ಅಳಿಯ ಹೊಸ ವಿಂಡೋಸೇ ಆಗಬೇಕೆಂದ. ಹುನಗುಂದದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯ ಬಾಬುಸಾಬ ಲಿನಕ್ಸ್ ಎಂದ. "ಮಾವಾರ, ಮಂದಿ ಹೋಗೋ ದಾರ್ಯಾಗ ಹೋಗೂದು ಚಲೋ" ಎಂದು ಅಳಿಯ. "ಸರ್, ಮುದಿ ಎತ್ತಿಗೆ ಭಾರದ ಗಾಡಿ ಹೂಡಬ್ಯಾಡ್ರಿ, ಲಿನಕ್ಸ್ ಹಗರ ಐತಿ" ಎಂದು ಶಿಷ್ಯ. ವಾರದೊಳಗೆ ನಮ್ಮ ಓಣಿಯೇ ಎರಡು ಪಂಗಡವಾಯಿತು. ಜನ್ಮದಲ್ಲಿ ಕಂಪ್ಯೂಟರ್ ಮುಟ್ಟದ ಹಿರಿಯರು ಚಹಾದ ಅಂಗಡಿಯಲ್ಲಿ ಕುಳಿತು, ಕನ್ಯೆ ನೋಡಲು ಹೊರಟವರಂತೆ ಲಿನಕ್ಸಿನ ಗುಣ, ಗೋತ್ರ, ಮನೆತನ ವಿಚಾರಿಸಿದರು. ಈ ಚಿಂತೆಯಲ್ಲಿ ಹಾಲಿನ ಮಲ್ಲಪ್ಪ ನೀರು ಬೆರೆಸುವುದನ್ನೇ ಮರೆತು ಎರಡು ದಿನ ಗಟ್ಟಿ ಹಾಲು ಕೊಟ್ಟ.

ನೀವು ನಗಬಹುದು, ನನಗೆ ನಗು ಬರುತ್ತಿರಲಿಲ್ಲ. ಆ ಯಂತ್ರದೊಳಗೆ ಗಂಗಕ್ಕನ ಬೀಸುವ ಹಾಡುಗಳಿದ್ದವು. ಇಳಕಲ್ಲಿನಲ್ಲಿರುವ ನನ್ನ ಅಕ್ಕ ಅಕ್ಷರ ಕಲಿತವಳಲ್ಲ. ಬೀಸುಕಲ್ಲಿನ ಮುಂದೆ ಕಲಿತ ಹಾಡುಗಳನ್ನು ಒಂದು ಬೇಸಿಗೆ ಪೂರ್ತಿ ಹೇಳಿ ನನ್ನಿಂದ ಟೈಪು ಮಾಡಿಸಿದ್ದಳು. ಹಳೆಯ ಕಾಲದ ಕನ್ನಡ ತಂತ್ರಾಂಶದಲ್ಲಿ ಮೂಡಿದ ಆ ಹಾಡುಗಳು ಬೇರೆ ವ್ಯವಸ್ಥೆಯಲ್ಲಿ ಕನ್ನಡವಾಗಿಯೇ ಕಾಣುತ್ತವೆಂಬ ಖಾತ್ರಿಯನ್ನು ಅಳಿಯನೂ ಕೊಡಲಿಲ್ಲ, ಶಿಷ್ಯನೂ ಕೊಡಲಿಲ್ಲ. ಮುದ್ರಿಸಿ ಇಡಬಾರದಿತ್ತೇ ಎಂದು ಕೇಳುವಿರಿ. ಅಷ್ಟು ಬುದ್ಧಿ ಇದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಇನ್ನೊಮ್ಮೆ ಹೇಳೆಂದು ಫೋನಿನಲ್ಲಿ ಅಂಗಲಾಚಿದರೆ ಅಕ್ಕ, "ನಿನ್ನ ಮಿಷನ್ನಿಗೆ ಕೊಟ್ಟಮ್ಯಾಲ ನನ್ನ ತಲಿಯಾಗ ಏನ್ ಉಳದೈತೋ ತಮ್ಮಾ?" ಎಂದಳು. ಅವತ್ತು ನನಗೆ ಊಟ ಸೇರಲಿಲ್ಲ.

"ಹಣಮಪ್ಪಗ ಪ್ರಸಾದ ಕೇಳ್ರಿ, ಮುಗೀತು" ಎಂದಳು ನನ್ನಾಕೆ. ಮೂರ್ತಿಯ ಎರಡೂ ಪಕ್ಕ ಹೂ ಏರಿಸಿ ಬೇಡಿಕೊಂಡರೆ, ಕಾರ್ಯ ಆಗುವುದಿದ್ದರೆ ಬಲಗಡೆಯ ಹೂ, ಆಗದಿದ್ದರೆ ಎಡಗಡೆಯದು ಬೀಳುವುದು ನಮ್ಮ ಕಡೆಯ ಪದ್ಧತಿ. ನಾನು ಹನುಮಂತನ ಗುಡಿಗೆ ಹೋಗಿ, ಕಣ್ಣು ಮುಚ್ಚಿ, ಉಭಯ ಪಕ್ಷಗಳಿಗೂ ನೋವಾಗದಂತೆ, ಸಮಾಸಭೂಯಿಷ್ಠವಾದ ಭಾಷೆಯಲ್ಲಿ ಮೌನವಾಗಿ ಪ್ರಾರ್ಥಿಸಿದೆ. ಬಲಗಡೆಯ ಹೂ ಟಪ್ಪನೆ ಬಿತ್ತು.

"ಬಲಕ್ಕ ಬಿತ್ತು ನೋಡ್ರಿ ಮಾಸ್ತರ! ಏನಂತ ಕೇಳಿದ್ರಿ?" ಎಂದರು ಪೂಜಾರಿ.

"ಎರಡರೊಳಗ ಯಾವುದು ಅಂತ."

ಪೂಜಾರಿ ಹಣೆ ಹಣೆ ಬಡಿದುಕೊಂಡರು. "ಹೌದೋ ಅಲ್ಲೋ ಅಂತ ಕೇಳಬೇಕ್ರಿ! ಯಾವುದು ಅಂತ ಕೇಳಿದ್ರ ಹಣಮಪ್ಪ ಹೂವಿನ ಮ್ಯಾಲ ಬರದು ಕಳಸ್ತಾನೇನು?"

ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದ ಪಂಡಿತನಿಗೆ ದೇವರ ಮುಂದೆ ಪ್ರಶ್ನೆ ಕೇಳಲು ಬರಲಿಲ್ಲ. ಕೊಟ್ಟ ಪ್ರಸಾದಕ್ಕೆ ಮರುಪರೀಕ್ಷೆಯೂ ಇಲ್ಲವಂತೆ. ಗುಡಿಯ ಕಟ್ಟೆಯ ಮೇಲೆ ಒಂದು ತಾಸು ಮೀಮಾಂಸೆ ನಡೆದು, ದೇವರು ಎರಡಕ್ಕೂ ಹೌದೆಂದಿದ್ದಾನೆ ಎಂದು ತೀರ್ಮಾನವಾಯಿತು. ಬಾಬುಸಾಬ ಹುನಗುಂದದಿಂದ ಬಂದು, "ಹಣಮಪ್ಪನ ಮಾತು ಮೀರಾಕ ಆಗತೈತೇನ್ರಿ ಸರ್" ಎನ್ನುತ್ತ, ಹಾಡುಗಳ ಸಲುವಾಗಿ ಹಳೆಯ ವಿಂಡೋಸನ್ನು ಕದಲಿಸದೆ ಅದರ ಪಕ್ಕದಲ್ಲಿ ಲಿನಕ್ಸನ್ನೂ ಕೂರಿಸಿದ.

ಪಂಚಮಿ ಹಬ್ಬಕ್ಕೆ ಅಕ್ಕನನ್ನು ಇಳಕಲ್ಲಿನಿಂದ ಕರೆತಂದೆ. ಬಂದವಳೇ ತನ್ನ ಹಾಡು ತೋರಿಸೆಂದು ಕಂಪ್ಯೂಟರಿನ ಮುಂದೆ ಕುಳಿತಳು. ನಾನು ಯಾವುದನ್ನು ಒತ್ತಲೆಂದು ತೂಗುವಷ್ಟರಲ್ಲಿ ಹತ್ತು ಸೆಕೆಂಡು ಮುಗಿದು ಯಂತ್ರ ತಾನೇ ಲಿನಕ್ಸನ್ನು ಆರಿಸಿಕೊಂಡಿತು. ಕಡತ ತೆರೆದೆ. ಕನ್ನಡದ ಒಂದಕ್ಷರವೂ ಇಲ್ಲ. ಪ್ರಶ್ನಾರ್ಥಕ ಚಿಹ್ನೆ, ಕೊಕ್ಕೆ, ಬಾಲವಿರುವ ಹುಳು. ಯಂತ್ರ ನಿಲ್ಲಿಸಿ ವಿಂಡೋಸಿಗೆ ಹೋಗೋಣವೆಂದು ಗುಂಡಿಯತ್ತ ಕೈ ಚಾಚಿದೆ.

"ಇದ ಅಲ್ಲೇನೋ ನನ್ನ ಹಾಡು?" ಎಂದು ಅಕ್ಕ ಪರದೆಯ ಮೇಲೆ ಬೆರಳಿಟ್ಟಳು. ಅಲ್ಲವೆನ್ನುವ ಧೈರ್ಯ ನನಗಾಗಲಿಲ್ಲ. ಆ ಹುಳುಗಳ ಮೇಲೆ ಬೆರಳಾಡಿಸುತ್ತ ಅವಳು ಹಾಡತೊಡಗಿದಳು: ಪಂಚಮಿಗೆ ಕರೆಯಲು ತಮ್ಮ ಬರುವನೆಂದು ಹೊಸ್ತಿಲಲ್ಲಿ ನಿಂತು ದಾರಿಯ ಧೂಳು ನೋಡುವ ಹೆಣ್ಣುಮಗಳ ಹಾಡು. ನುಡಿಯ ಮೇಲೆ ನುಡಿ ಬಂತು. ಪರದೆಯ ಮೇಲಿನ ಸಾಲುಗಳು ಮುಗಿದು ಬೆರಳು ಮೇಜಿಗಿಳಿದರೂ ಹಾಡು ನಿಲ್ಲಲಿಲ್ಲ. ನಾನು ಎಂದೂ ಟೈಪು ಮಾಡದ ನುಡಿಗಳೂ ಬಂದವು. ಎಷ್ಟು ಪಂಚಮಿ ನಾನು ಹೋಗಿರಲಿಲ್ಲವೋ ಲೆಕ್ಕವಿಲ್ಲ. ಈ ವಯಸ್ಸಿನಲ್ಲಿ ಅಕ್ಕನ ಮುಂದೆ ಅತ್ತೆ.

ಮರುದಿನ ಮುಂಜಾನೆ ಕಪ್ಪು ಪರದೆಯ ಮೇಲೆ ಮತ್ತೆ ಆ ಎರಡು ಹೆಸರು.

"ಏನ್ ಕೇಳಾಕತ್ತೈತೋ ಅದು?"

"ಯಾವುದು ಬೇಕು ಅಂತ, ಅಕ್ಕಾ."

"ಯಾವುದರ ಬರ್ಲಿ ತಗೋ. ಹಾಡಾಕಿ ನಾ ಅದೀನಲ್ಲ."

ಹತ್ತು ಸೆಕೆಂಡು ಕಳೆದವು. ಯಾವುದು ತೆರೆಯಿತೋ ನಾನು ನೋಡಲಿಲ್ಲ, ನೋಟುಬುಕ್ಕು ಹುಡುಕುತ್ತಿದ್ದೆ.