ತಡವಾಗಿ ಬಂದ ಸಾವಿನ ಸುದ್ದಿ

ಅಡ್ಯಾರಿನ ನಮ್ಮ ಮನೆಯಲ್ಲಿ ಅಂದು ಬೆಳಿಗ್ಗೆ ಅಪ್ಪ ದೋಸೆ ಹುಯ್ಯುತ್ತಿದ್ದರು. ಊರು ಬಿಟ್ಟು ಬಂದು ಪೆರಂಬೂರಿನಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿದವರು. ಕಾವಲಿಯನ್ನು ನಾನು ಮುಟ್ಟಿದರೆ ಅವರಿಗೆ ಆಗದು. ಮೊಬೈಲಿಗೆ ಬಂದ ಸುದ್ದಿ ನೋಡಿ ನಾನು ತಟ್ಟೆ ಬಿಟ್ಟು ಎದ್ದೆ.

"ಎಂತ ಆಯ್ತು ಮಾರಾಯ್ತಿ?"

"ಒಂದು ನಕ್ಷತ್ರ ಸತ್ತಿದೆ ಅಪ್ಪ. ಸೂಪರ್‌ನೋವಾ. ಸಿಡಿದುಹೋಗಿದೆ."

"ಯಾವಾಗ?"

"ಎರಡು ಕೋಟಿ ವರ್ಷ ಆಯ್ತು. ಬೆಳಕು ನಮಗೆ ಬಂದು ಮುಟ್ಟಿದ್ದು ನಿನ್ನೆ."

ಅಪ್ಪ ಸೌಟು ಕೆಳಗಿಟ್ಟು ಗಂಭೀರವಾಗಿ ಯೋಚಿಸಿದರು. "ವರ್ಷ ಕಳೆದು ಸುದ್ದಿ ಬಂದ್ರೆ ಸೂತಕ ಇಲ್ಲ. ಒಂದು ಸ್ನಾನ ಸಾಕು." ಒಲೆ ಆರಿಸಿ ಬಚ್ಚಲಿಗೆ ಹೋಗಿಯೇಬಿಟ್ಟರು. ನಾನು ನಕ್ಕೆ. ಅವರು ನಗಲಿಲ್ಲ.

ಸಿಡಿದ ನಕ್ಷತ್ರಗಳ ನೇರಳಾತೀತ ಬೆಳಕನ್ನು ಓದುವುದು ನನ್ನ ಕೆಲಸ. ಅದು ನೆಲದವರೆಗೆ ಬರುವುದಿಲ್ಲ, ನಡುವೆ ಗಾಳಿಯೇ ನುಂಗಿಬಿಡುತ್ತದೆ. ಬಾಹ್ಯಾಕಾಶದಲ್ಲಿರುವ ದೂರದರ್ಶಕವೇ ನೋಡಬೇಕು, ಅದೂ ಮೊದಲ ಕೆಲವೇ ದಿನಗಳಲ್ಲಿ. ಆಮೇಲೆ ಬೆಂಕಿ ತಣಿದು ಆ ಬೆಳಕು ಮಾಯ. ಆಕಾಶದ ಲೆಕ್ಕದಲ್ಲಿ ಇಷ್ಟು ಹತ್ತಿರದ ಒಂದು ಸ್ಫೋಟಕ್ಕಾಗಿ ಹತ್ತು ವರ್ಷದಿಂದ ಕಾದಿದ್ದೆ. ಪಕ್ಕದಲ್ಲಿ ಪ್ರಖರ ನಕ್ಷತ್ರವಿದ್ದರೆ ದೂರದರ್ಶಕದ ಕಣ್ಣು ಕೆಟ್ಟೀತೆಂದು ಅತ್ತ ತಿರುಗಿಸುವುದೇ ಇಲ್ಲ. ಹಾಗಾಗಿ ಸುತ್ತಲಿನ ಒಂದೊಂದು ಚುಕ್ಕಿಯನ್ನೂ ಪರಿಶೀಲಿಸಿ, ದೂರದರ್ಶಕವನ್ನು ಅತ್ತ ತಿರುಗಿಸಿ ಎಂದು ಮಧ್ಯಾಹ್ನದೊಳಗೆ ಅರ್ಜಿ ಕಳಿಸಿದೆ. ಒಂದು ದಿನ ಉತ್ತರವಿಲ್ಲ. ಎರಡು ದಿನ. ಅಪ್ಪ ಕಾಫಿ ಕೊಡುವಾಗಲೆಲ್ಲ ಕೇಳುತ್ತಿದ್ದರು, "ತಿರುಗಿತಾ?"

ಮೂರನೆಯ ದಿನ ತಿರುಗಿತು. ಲ್ಯಾಪ್‌ಟಾಪಿನಲ್ಲಿ ಚಿತ್ರ ಬಂದಾಗ ಅಪ್ಪನನ್ನು ಕರೆದೆ. ಹಳೆಯ ಚಿತ್ರದಲ್ಲಿ ಏನೂ ಇಲ್ಲದ ಕಡೆ, ಗ್ಯಾಲಕ್ಸಿಯ ಅಂಚಿನಲ್ಲಿ, ರವೆಯ ಕಾಳಿನಷ್ಟು ಒಂದು ಚುಕ್ಕಿ. ಅದರೆದುರು ಸುತ್ತಲಿನ ಕೋಟ್ಯಂತರ ನಕ್ಷತ್ರಗಳು ಮಂಕಾಗಿದ್ದವು. ಮನುಷ್ಯರೇ ಇಲ್ಲದ ಕಾಲದಲ್ಲಿ ಹೊರಟ ಬೆಳಕು ನಮ್ಮ ಊಟದ ಮೇಜಿಗೆ ಬಂದು ತಲುಪಿತ್ತು.

"ನನ್ನ ಅಮ್ಮ ತೀರಿಹೋದ ಕಾಗದ ಪೆರಂಬೂರಿಗೆ ಬರುವಾಗ ಹದಿನೈದು ದಿನ ಆಗಿತ್ತು," ಎಂದರು ಅಪ್ಪ. "ಊರಲ್ಲಿ ಉತ್ತರಕ್ರಿಯೆ, ಬೊಜ್ಜದ ಊಟ ಎಲ್ಲ ಮುಗಿದಿತ್ತು. ನನಗೆ ನೋಡ್ಲಿಕ್ಕೆ ಎಂತದೂ ಉಳಿದಿರ್ಲಿಲ್ಲ."

ಚುಕ್ಕಿಯತ್ತ ಬಗ್ಗಿ ಕೇಳಿದರು, "ಇದು ಇನ್ನೆಷ್ಟು ದಿನ ಕಾಣ್ತದೆ?"

"ಎರಡು ದಿನ ಇರಬಹುದು."

ಅಪ್ಪ ಕುರ್ಚಿ ಎಳೆದುಕೊಂಡು ಪರದೆಯೆದುರು ಕೂತರು. ಇದು ಬರೀ ಚಿತ್ರ, ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.